ಅಪ್ಪನಿಗೆ ತೋರಿಸಲಿಕ್ಕೆ ಒಂದು ಊರು

ಬೆಲ್ಜಿಯಂ ದೇಶದ ಘೆಂಟ್ ಎಂಬ ಊರಿನ ಹೆಸರನ್ನು ಯಾರಾದರೂ ನನ್ನೆದುರು ತೆಗೆದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು. ಊರಿನ ಮೇಲಲ್ಲ. ಊರು ಪಾಪ, ಶತಮಾನಗಳಿಂದ ತನ್ನ ಪಾಡಿಗೆ ತಾನು ಹೊಳೆಯ ಬದಿಯಲ್ಲಿ ನಿಂತಿದೆ. ನನ್ನ ಸಿಟ್ಟು ಅಲ್ಲಿಗೆ ನನ್ನೊಟ್ಟಿಗೆ ಬಂದವರ ಮೇಲೆ. ಅವರಲ್ಲಿ ಒಬ್ಬರು ನನ್ನ ಗಂಡ, ಇನ್ನೊಬ್ಬರು ಅವರ ಅಕ್ಕ. ಮೂರನೆಯವಳು ನನ್ನ ಮಗಳು. ಅವಳ ಮೇಲೆ ಸಿಟ್ಟಿಲ್ಲ. ಅವಳಿಗೋಸ್ಕರವೇ ಈ ಸಿಟ್ಟು.

ನಾವು ಆಗ ದುಬೈಯ ಅಲ್ ನಹ್ದಾದಲ್ಲಿದ್ದೆವು. ನಾನು ಒಂದು ಕ್ಲಿನಿಕ್ಕಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂರುತ್ತಿದ್ದೆ. ‘ಇದು ನಿಮ್ಮ ಕಾರ್ಡಿನಲ್ಲಿ ಬರುವುದಿಲ್ಲ’ ಎಂದು ದಿನವಿಡೀ ಜನರಿಗೆ ಹೇಳುವ ಕೆಲಸ. ಬೈಸಿಕೊಳ್ಳುವುದು, ತಿರುಗಿ ಬೈಯುವುದು, ಎರಡೂ ನನಗೆ ಅಲ್ಲಿಯೇ ಅಭ್ಯಾಸವಾದದ್ದು. ಗಂಡ ಸೈಟ್ ಇಂಜಿನಿಯರ್. ವಿಲ್ಲಾಗಳು, ಮಾಲ್‌ಗಳು, ಹೋಟೆಲುಗಳು. ಎಲ್ಲದರ ಮುಖಕ್ಕೂ ಯುರೋಪಿನ ವೇಷ ಹಾಕುವುದು ಅಲ್ಲಿನ ಪದ್ಧತಿ. ಕಂಬ, ಕಮಾನು, ಹೂಬಳ್ಳಿ ಎಲ್ಲವನ್ನೂ ಜಿಆರ್‌ಸಿ ಎಂಬ ತೆಳು ಸಿಮೆಂಟ್ ಹಲಗೆಯಲ್ಲಿ ಅಚ್ಚು ಹಾಕಿ ತಂದು ಗೋಡೆಗೆ ಬಿಗಿಯುತ್ತಾರೆ. ಬೆರಳಿನ ಗೆಣ್ಣಿನಲ್ಲಿ ತಟ್ಟಿದರೆ ಒಳಗೆ ಪೊಳ್ಳು ಎಂದು ತಿಳಿಯುತ್ತದೆ. ಹದಿನೆಂಟು ವರ್ಷ ಅವರು ಇದನ್ನೇ ಮಾಡಿದ್ದು. ಹಾಗಾಗಿ ಆರ್ಕಿಟೆಕ್ಟ್ ಎಂದರೆ ಅವರಿಗೆ ಮೈಯೆಲ್ಲ ಉರಿ. ಏಸಿ ರೂಮಿನಲ್ಲಿ ಕೂತು ಗೆರೆ ಎಳೆದು, ಆ ಗೆರೆ ಬಿಸಿಲಿನಲ್ಲಿ ನಿಲ್ಲದಿದ್ದಾಗ ಸೈಟಿನವರಿಗೆ ಬೈಯುವ ಜಾತಿ ಅದು ಎಂಬುದು ಅವರ ಅಭಿಪ್ರಾಯ.

ಇಂಥವರ ಮಗಳು ಆರ್ಕಿಟೆಕ್ಚರ್ ಓದುತ್ತೇನೆ ಅಂದಳು.

ಅವಳು ಊದ್ ಮೇಥಾದ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಆರ್ಕಿಟೆಕ್ಚರಿನ ಪ್ರವೇಶ ಪರೀಕ್ಷೆಯನ್ನು ನಮಗೆ ಹೇಳಿಯೇ ಬರೆದಿದ್ದಳು, ಒಳ್ಳೆಯ ಅಂಕವೂ ಬಂದಿತ್ತು. ನಮ್ಮ ಊರಿನ ಕಡೆಯ ಒಂದು ಒಳ್ಳೆಯ ಕಾಲೇಜಿನಲ್ಲಿ ಅವಳ ಹೆಸರಿಗೆ ಸೀಟು ಇತ್ತು. ಅಪ್ಪ ಒಂದು ‘ಹೂಂ’ ಅನ್ನಬೇಕಿತ್ತು, ಅಷ್ಟೆ. ಆ ‘ಹೂಂ’ ಹೊರಡಲಿಲ್ಲ. ಇಂಜಿನಿಯರಿಂಗ್ ಮಾಡಲಿ, ಸಿವಿಲ್ ಮಾಡಲಿ, ಬೇಕಾದರೆ ಆಮೇಲೆ ಚಿತ್ರ ಬರೆಯಲಿ ಎನ್ನುತ್ತಿದ್ದರು.

ಒಂದು ಶುಕ್ರವಾರ ಅಬುಧಾಬಿಯಲ್ಲಿ ಅತ್ತಿಗೆಯ ಮನೆಗೆ ಊಟಕ್ಕೆ ಹೋಗಿದ್ದಾಗ ಮಾತು ಅಲ್ಲಿಗೂ ಬಂತು. ಅತ್ತಿಗೆ ಎಂದರೆ ಗಂಡನ ಅಕ್ಕ. ಮಗನನ್ನು ಮೆಡಿಕಲ್ಲಿಗೆ ಸೇರಿಸಿದ ಮೇಲೆ ಲೋಕದ ಎಲ್ಲ ಮಕ್ಕಳ ಓದಿನ ಮೇಲೂ ತನಗೆ ಅಧಿಕಾರ ಬಂದಿದೆ ಎಂದು ತಿಳಿದುಕೊಂಡವರು.

“ಆರ್ಕಿಟೆಕ್ಟ್ ಅಂದ್ರೆ ಎಂತ, ಮನೆಗೆ ಯಾವ ಬಣ್ಣ ಹೊಡೀಬೇಕು ಅಂತ ಹೇಳುವವ್ರಾ?” ಅತ್ತಿಗೆ ಮೀನಿನ ಮುಳ್ಳು ಬಿಡಿಸುತ್ತ ಕೇಳಿದರು. “ಅದು ಪೇಂಟಿನ ಅಂಗಡಿಯವ್ರೇ ಹೇಳ್ತಾರಲ್ಲ ಮಗ.”

ಮಗಳು ತಟ್ಟೆ ನೋಡುತ್ತ ಇಂಗ್ಲಿಷಿನಲ್ಲಿ ಏನೋ ಗೊಣಗಿದಳು. ನಾನು, “ಅತ್ತಿಗೆ, ನೀವು ಈಗ ಕೂತಿರುವ ಮನೆಯ ಅಡುಗೆಕೋಣೆಗೆ ಕಿಟಕಿ ಇಲ್ಲ, ಕಾರಿಡಾರಿಗೆ ಎರಡು ಕಿಟಕಿ ಉಂಟು. ಒಬ್ಬ ಒಳ್ಳೆ ಆರ್ಕಿಟೆಕ್ಟ್ ಇದ್ದಿದ್ರೆ ಹೀಗಾಗ್ತಿರಲಿಲ್ಲ” ಎಂದೆ. ಅತ್ತಿಗೆಯ ಮುಖ ಊದಿಕೊಂಡಿತು. ನಮ್ಮಿಬ್ಬರ ನಡುವೆ ಯಾವತ್ತೂ ಹೀಗೆಯೇ. ಎತ್ತು ಏರಿಗೆ, ಕೋಣ ನೀರಿಗೆ.

ಆಗ ಗಂಡ ನಡುವೆ ಬಂದು ತೀರ್ಪು ಕೊಟ್ಟರು. “ನಾವು ಹೇಗೂ ಈ ಸಲ ಯುರೋಪಿಗೆ ಹೋಗ್ತೇವೆ. ಅದ್ರಲ್ಲಿ ಒಂದು ದಿನ ನಿಂದು. ನಿನಗೆ ಬೇಕಾದ ಊರಿಗೆ ಕರ್ಕೊಂಡು ಹೋಗು. ಅಲ್ಲಿ ಎಂತ ಉಂಟು ಅಂತ ನನಗೆ ತೋರ್ಸು. ನನಗೆ ಅರ್ಥ ಆದ್ರೆ ಆರ್ಕಿಟೆಕ್ಚರ್. ಆಗ್ಲಿಲ್ಲಾಂದ್ರೆ ಇಂಜಿನಿಯರಿಂಗ್. ಖಲಾಸ್, ಮತ್ತೆ ಮಾತಿಲ್ಲ.”

“ಪ್ರಾಮಿಸ್?” ಅಂದಳು ಮಗಳು.

“ಪ್ರಾಮಿಸ್.”

ಅತ್ತಿಗೆ ತಕ್ಷಣ, “ಹಾಗಾದ್ರೆ ನಾನೂ ಬರ್ತೇನೆ” ಅಂದರು. ಯಾಕೆ ಬರುತ್ತೀರಿ ಎಂದು ಯಾರೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಆ ಮೇಲಿನ ವಾರಗಳಲ್ಲಿ ನಮ್ಮ ಊಟದ ಮೇಜಿನಲ್ಲಿ ಊಟಕ್ಕೆ ಜಾಗವಿರಲಿಲ್ಲ. ಮಗಳು ಲ್ಯಾಪ್‌ಟಾಪ್ ತೆರೆದು ಘೆಂಟ್‌ನ ಬೀದಿ ಬೀದಿ ಸುತ್ತುತ್ತಿದ್ದಳು. ಪ್ಯಾರಿಸ್ ಯಾಕೆ ಬೇಡ ಎಂದರೆ, ಪ್ಯಾರಿಸ್ ನೋಡಿದರೆ ಪಪ್ಪ ‘ಚಂದ ಉಂಟು’ ಎಂದು ಹೇಳಿ ಮುಗಿಸುತ್ತಾರೆ, ಈ ಊರಲ್ಲಾದರೆ ಕಟ್ಟಿದ್ದು ಹೇಗೆ ಎಂದು ಕಣ್ಣಿಗೆ ಕಾಣುತ್ತದೆ, ಸೈಟಿನವರಿಗೆ ಅದೇ ಬೇಕು ಅಂದಳು. ಅಪ್ಪನನ್ನು ಎಷ್ಟು ಸರಿಯಾಗಿ ಅಳೆದಿದ್ದಳು ನೋಡಿ. ಹಳೆಯ ಧಾನ್ಯದ ಉಗ್ರಾಣ, ಗಾರೆಯವರ ಸಂಘದ ಮನೆ, ಹೊಸ ಮಾರುಕಟ್ಟೆಯ ಚಪ್ಪರ, ಎಲ್ಲದರ ಚಿತ್ರವನ್ನೂ ನನಗೆ ತೋರಿಸಿ ತೋರಿಸಿ ನನಗೇ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿನ ಒಂದು ಆರ್ಕಿಟೆಕ್ಚರ್ ಶಾಲೆಯಲ್ಲಿ ಆ ತಿಂಗಳು ವಿದ್ಯಾರ್ಥಿಗಳು ಮಾಡಿದ ಮಾದರಿಗಳ ಪ್ರದರ್ಶನವಿತ್ತು. ಅಪ್ಪ ಅದನ್ನು ನೋಡಿದರೆ ಸಾಕು, ಅರ್ಧ ಕೆಲಸ ಆದ ಹಾಗೆ ಎಂದು ಅವಳ ಲೆಕ್ಕಾಚಾರ.

ಯಾವ ದಿನ ಎಲ್ಲಿ ಎಂದು ನಿಗದಿ ಮಾಡಿದವರು ಗಂಡ. ಬ್ರಸೆಲ್ಸಿಗೆ ಗುರುವಾರ ಇಳಿಯುವುದು. ಶುಕ್ರವಾರ ರಜೆ, ಎಲ್ಲವೂ ಮುಚ್ಚಿರುತ್ತದೆ, ಆದ್ದರಿಂದ ಹೋಟೆಲಿನಲ್ಲಿ ವಿಶ್ರಾಂತಿ. ಶನಿವಾರ ಅತ್ತಿಗೆಯ ಶಾಪಿಂಗ್. ಆದಿತ್ಯವಾರ ವಾರದ ಮೊದಲ ದಿನ, ಶಾಲೆ, ಆಫೀಸು, ಮ್ಯೂಸಿಯಂ ಎಲ್ಲ ತೆರೆದಿರುತ್ತದೆ, ಅವತ್ತು ಘೆಂಟ್. ಸೋಮವಾರ ವಿಮಾನ. ಈ ಪ್ಲಾನನ್ನು ನಾಲ್ಕು ಜನರೂ ನೋಡಿದೆವು. ಭೇಷ್ ಅಂದೆವು. ಆದಿತ್ಯವಾರ ರಜೆ ಎಂದು ಊರಲ್ಲಿ ಹುಟ್ಟಿ ಬೆಳೆದ ನಮಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಆಗ ದುಬೈಯಲ್ಲಿ ವಾರದ ರಜೆ ಶುಕ್ರವಾರ. ಅಷ್ಟು ವರ್ಷ ಆದಿತ್ಯವಾರ ಬೆಳಿಗ್ಗೆ ಎದ್ದು ಟಿಫಿನ್ ಕಟ್ಟಿ ಕೆಲಸಕ್ಕೆ ಓಡಿದ ಮೈಗೆ ಅದು ಮರೆತೇಹೋಗಿತ್ತು. ಮಗಳಂತೂ ಹುಟ್ಟಿದ್ದೇ ಅಲ್ಲಿ, ಅವಳ ಜನ್ಮದಲ್ಲಿ ಆದಿತ್ಯವಾರ ಎಂದರೆ ಶಾಲೆಯ ಬಸ್ಸು.

ಬ್ರಸೆಲ್ಸಿನಲ್ಲಿ ಶುಕ್ರವಾರ ಇಡೀ ದಿನ ಹೋಟೆಲಿನ ಕೋಣೆಯಲ್ಲಿ ಬಿದ್ದುಕೊಂಡೆವು. ದುಬೈಯಿಂದ ಹೊತ್ತು ತಂದ ರೈಸ್ ಕುಕ್ಕರಿನಲ್ಲಿ ಅತ್ತಿಗೆ ಗಂಜಿ ಮಾಡಿದರು. ಕಿಟಕಿಯ ಕೆಳಗೆ ಜನ ಬ್ಯಾಗು ನೇತುಹಾಕಿಕೊಂಡು ಆಫೀಸಿಗೆ ಓಡುತ್ತಿದ್ದರು. ಅತ್ತಿಗೆ ಬಗ್ಗಿ ನೋಡಿ, “ಪಾಪ, ಶುಕ್ರವಾರವೂ ಕೆಲಸಕ್ಕೆ ಹೋಗ್ಬೇಕು ಇವ್ರು” ಎಂದು ಮರುಗಿದರು. ಆಗಲೂ ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಇದಕ್ಕೆ ಏನು ಹೇಳುವುದು!

ಆದಿತ್ಯವಾರ ಬೆಳಿಗ್ಗೆ ರೈಲು ಹತ್ತಿ ಘೆಂಟ್‌ನಲ್ಲಿ ಇಳಿದೆವು. ಸ್ಟೇಷನ್ನಿನಿಂದ ಮಗಳು ಅಪ್ಪನ ಕೈ ಹಿಡಿದುಕೊಂಡೇ ಹೊರಟಳು, ನೇರ ಪ್ರದರ್ಶನಕ್ಕೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಂಗಡಿಗಳ ಬಾಗಿಲು ಹಾಕಿವೆ. ಒಬ್ಬ ಮುದುಕ ಮಾತ್ರ ನಾಯಿಯನ್ನು ವಾಕಿಂಗ್ ಮಾಡಿಸುತ್ತಿದ್ದ. ಶಾಲೆಯ ದೊಡ್ಡ ಬಾಗಿಲಿಗೆ ಬೀಗ. ಗಾಜಿನಾಚೆ ಮೇಜುಗಳ ಮೇಲೆ ರಟ್ಟಿನ, ಮರದ ಪುಟ್ಟ ಪುಟ್ಟ ಮನೆಗಳು ಕಾಣುತ್ತಿದ್ದವು. ಮಗಳು ಗಾಜಿಗೆ ಎರಡೂ ಕೈ ಇಟ್ಟು ನಿಂತಳು. ಆ ಮುದುಕನ ಬಳಿ ಹೋಗಿ ನಾನೇ ಕೇಳಿದೆ. ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಇವತ್ತು ಭಾನುವಾರವಲ್ಲವೇ ಮೇಡಂ” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅವಮಾನದಿಂದ ನನಗೆ ನೆಲಕ್ಕಿಳಿದು ಹೋದ ಹಾಗಾಯಿತು. ಗಂಡನಿಗೆ ಮಾತ್ರ ನಗು. “ನೋಡು, ನಿನ್ನ ಆರ್ಕಿಟೆಕ್ಟರೆಲ್ಲ ರಜೆಯಲ್ಲಿದ್ದಾರೆ. ಸೈಟಿನವರಿಗೆ ಎಲ್ಲಿ ರಜೆ?”

“ಆದಿತ್ಯವಾರ ಇಟ್ಟದ್ದು ಯಾರು? ನೀವಲ್ವಾ?” ನಾನು ಹರಿಹಾಯ್ದೆ. “ಮಾಡಿದ್ದು ನೀವು, ಈಗ ಅವಳಿಗೆ ಕುಟುಕುವುದೂ ನೀವೇ.”

“ನೀನೂ ನೋಡಿದ್ದೀಯಲ್ಲ ಪ್ಲಾನು. ಆಗ ನಿನ್ನ ಕಣ್ಣು ಎಲ್ಲಿತ್ತು?”

“ಬೆಳಿಗ್ಗೆ ಬೆಳಿಗ್ಗೆ ಬೀದಿಯಲ್ಲಿ ಎಂತದ್ದು ನಿಮ್ದು?” ಅಂದರು ಅತ್ತಿಗೆ. ಆಮೇಲೆ ಸುತ್ತ ನೋಡಿ, “ಬೀದಿಯಲ್ಲಿ ಯಾರೂ ಇಲ್ಲ ಬಿಡಿ, ಬೈದಾಡಿ” ಎಂದು ಸೇರಿಸಿದರು.

ಮಗಳು ಗಾಜಿನಿಂದ ಕೈ ತೆಗೆದಳು. ಅತ್ತರೆ ಅಪ್ಪ ಸೋತಳು ಅನ್ನುತ್ತಾರೆ ಎಂದು ಅವಳಿಗೆ ಗೊತ್ತು. “ಇಟ್ಸ್ ಓಕೆ. ಹೊರಗಿಂದ ನೋಡ್ಲಿಕ್ಕೆ ಎಂತೆಂತದ್ದೋ ಉಂಟು. ಬನ್ನಿ” ಎಂದು ಮುಂದೆ ಹೊರಟಳು. ಬೀಗ ಹಾಕಿದ ಊರನ್ನು ಇಟ್ಟುಕೊಂಡು ಅಪ್ಪನನ್ನು ಗೆಲ್ಲಬೇಕಿತ್ತು ಅವಳಿಗೆ.

ಟ್ರಾಮ್ ಹಿಡಿದು ಊರ ನಡುವಿಗೆ ಬಂದೆವು. ಹೊಳೆಯ ದಂಡೆಯಲ್ಲಿ ಮನೆಗಳ ಸಾಲು, ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಒಂದು ಕಾಲದಲ್ಲಿ ಧಾನ್ಯದವರು, ದೋಣಿಯವರು, ಗಾರೆಯವರು ತಮ್ಮ ತಮ್ಮ ಸಂಘಕ್ಕೆ ಕಟ್ಟಿಕೊಂಡ ಮನೆಗಳು. ಕೆಲವು ಕಲ್ಲಿನವು, ಕೆಲವು ಇಟ್ಟಿಗೆಯವು. ದೋಣಿಯವರ ಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಹಡಗು. ಎರಡು ದೊಡ್ಡ ಮನೆಗಳ ಸಂದಿಯಲ್ಲಿ ಸುಂಕದವನ ಪುಟ್ಟ ಮನೆ, ನಮ್ಮ ಅಲ್ ನಹ್ದಾ ಫ್ಲ್ಯಾಟಿನ ಬಾಲ್ಕನಿಯಷ್ಟೇ ಅಗಲ. ಹೆಚ್ಚಿನ ಮನೆಗಳ ಮುಂದಿನ ಗೋಡೆ ಹೆಂಚಿನ ಮಾಡಿಗಿಂತ ಮೇಲೆ ಹೋಗಿ, ಎರಡೂ ಬದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ತುದಿಗೆ ಏರುತ್ತದೆ. ಮೋಡದ ಬೆಳಕಿನಲ್ಲಿ ಅದೆಲ್ಲ ನೀರಿಗೆ ಬಿದ್ದು ನಡುಗುತ್ತಿತ್ತು. ಚಂದವಿತ್ತು. ಸಿಟ್ಟಿನಲ್ಲಿದ್ದರೂ ಕಣ್ಣು ಇದ್ದವರು ಒಪ್ಪಬೇಕು.

“ಯಾಕೆ ಮೆಟ್ಟಿಲು ಹೇಳಿ ಪಪ್ಪ?” ಮಗಳು ಕೇಳಿದಳು.

“ಶೋಕಿಗೆ.”

“ಅಲ್ಲ. ಮಾಡು ಓರೆ, ಇಟ್ಟಿಗೆ ಚೌಕ. ಓರೆ ಬೇಕಾದ್ರೆ ಪ್ರತಿಯೊಂದು ಇಟ್ಟಿಗೆ ಕಟ್ ಮಾಡ್ಬೇಕು. ಸ್ಟೆಪ್ ಮಾಡಿದ್ರೆ ಕಟಿಂಗೇ ಬೇಡ.”

ಗಂಡ ತಲೆ ಎತ್ತಿ ನೋಡಿದರು. ನೋಡುತ್ತಲೇ ಇದ್ದರು. “ಹೌದಲ್ಲ ಮಾರಾಯ್ತಿ. ವೇಸ್ಟೇಜ್ ಇಲ್ಲ” ಅಂದರು.

ಅಲ್ಲಿಂದ ಅವರ ಧಾಟಿ ಬದಲಾಯಿತು. ಧಾನ್ಯದ ಉಗ್ರಾಣದ ಗೋಡೆಗೆ ಹೋಗಿ ಗೆಣ್ಣಿನಲ್ಲಿ ತಟ್ಟಿದರು. ಪೊಳ್ಳಲ್ಲ. ಕಲ್ಲಿನ ಸಂದಿಗೆ ಉಗುರು ಹಾಕಿ, ಇದು ಸಿಮೆಂಟ್ ಅಲ್ಲ, ಸುಣ್ಣ ಅಂದರು. ಗೋಡೆ ವಾಲಿದೆ ಎಂದು ಒಂದು ಕಣ್ಣು ಮುಚ್ಚಿ ನೋಡಿ, “ಇದನ್ನು ನಮ್ಮ ಕನ್ಸಲ್ಟೆಂಟ್ ಜನ್ಮದಲ್ಲಿ ಪಾಸ್ ಮಾಡ್ತಿರ್ಲಿಲ್ಲ, ಕೆಡವಿ ಅಂತಿದ್ದ. ಮತ್ತೆ ಇದು ಇಷ್ಟು ವರ್ಷ ನಿಂತಿದ್ದು ಹೇಗೆ?” ಎಂದು ಮಗಳನ್ನೇ ಕೇಳಿದರು. ಅವಳು ಹೇಳಿದಳು. ಅಡಿಪಾಯ, ಗೋಡೆಯ ದಪ್ಪ, ಒಳಗಿನ ಮರದ ತೊಲೆಗಳು. ಅವಳು ಹೇಳುವುದು, ಅವರು ಅಡ್ಡ ಪ್ರಶ್ನೆ ಹಾಕುವುದು, ಇಬ್ಬರೂ ನೀರಿನಂಚಿನಲ್ಲಿ ಆಚೆ ಈಚೆ ಓಡಾಡುವುದು. ಒಮ್ಮೆ ಅವಳು ಅಪ್ಪನ ಬೆನ್ನ ಹಿಂದಿನಿಂದ ನನ್ನ ಕಡೆ ನೋಡಿ ಕಣ್ಣರಳಿಸಿದಳು. ಗೆದ್ದಳು ನನ್ನ ಮಗಳು ಎಂದುಕೊಂಡೆ. ಅತ್ತಿಗೆ ಬೆಂಚಿನಲ್ಲಿ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದರು. ಅವರ ಸಂಕಟ ನೋಡಿ ನನಗೆ ಸಂತೋಷವೇ ಆಯಿತು.

ಗಾರೆಯವರ ಸಂಘದ ಮನೆಯ ಮುಂದೆ ಬಂದಾಗ ಮಗಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇದು ಮಾತ್ರ ಒರಿಜಿನಲ್ ಅಲ್ಲ ಪಪ್ಪ. ಕಾಪಿ.”

“ಎಂತ?”

“ನೂರು ವರ್ಷದ ಹಿಂದೆ ಊರಲ್ಲಿ ಒಂದು ದೊಡ್ಡ ಎಕ್ಸಿಬಿಷನ್ ಆಗ್ಲಿಕ್ಕಿತ್ತು. ಆಗ ಈ ಸಾಲು ಚಂದ ಕಾಣ್ಲಿ ಅಂತ ಕಟ್ಟಿದ್ದು. ಗಾರೆಯವರ ಹಳೇ ಮನೆ ನಾಶ ಆಗಿದೆ ಅಂತ ಎಲ್ಲರೂ ತಿಳ್ಕೊಂಡಿದ್ರು. ಹಳೇ ಡ್ರಾಯಿಂಗ್ ನೋಡಿ ಇದನ್ನು ಮಾಡಿದ್ರು.”

ಗಂಡ ಕೈ ತಟ್ಟಿ ನಕ್ಕರು. ಆ ಖಾಲಿ ದಂಡೆಯಲ್ಲಿ ಆ ನಗು ಆಚೆ ದಡಕ್ಕೂ ಕೇಳುವಷ್ಟು ದೊಡ್ಡದು. “ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೂ ಇದೇ ಅಲ್ವಾ! ನಮ್ಮ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಫ್ರಾನ್ಸ್ ಕ್ಲಸ್ಟರ್ ಉಂಟು, ಇಂಗ್ಲೆಂಡ್ ಕ್ಲಸ್ಟರ್ ಉಂಟು. ಸುಮ್ನೆ ವೀಸಾ ಯಾಕೆ ಮಾಡಿದ್ದು? ಬಸ್ಸಲ್ಲಿ ಹೋಗಿ ಬರ್ಬಹುದಿತ್ತು.”

“ಅಬುಧಾಬಿಯಲ್ಲಿ ಇದ್ರಪ್ಪನಂಥದ್ದು ಉಂಟು, ಹೊಸತು ಬೇರೆ” ಅಂದರು ಅತ್ತಿಗೆ ಬೆಂಚಿನಿಂದ.

ಮಗಳು ಅವರು ನಗುವುದು ಮುಗಿಯುವ ತನಕ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು: “ಕಥೆ ಮುಗೀಲಿಲ್ಲ. ಕಾಪಿ ಕಟ್ಟಿ ಎಷ್ಟೋ ವರ್ಷ ಆದ್ಮೇಲೆ ಆಚೆ ಬೀದಿಯಲ್ಲಿ ಒಂದು ಮನೆ ರಿಪೇರಿಗೆ ತೆಗೆದ್ರು. ಮುಂದಿನ ಗೋಡೆ ಬಿಚ್ಚಿದ್ರೆ ಅದ್ರ ಹಿಂದೆ ಇನ್ನೊಂದು ಗೋಡೆ. ಒರಿಜಿನಲ್. ಅದು ಹೋಗಿಯೇ ಇರ್ಲಿಲ್ಲ. ಮುಚ್ಚಿ ಹೋಗಿತ್ತು ಅಷ್ಟೆ.”

ಗಂಡನ ನಗು ನಿಂತಿತು. “ಇಡೀ ಗೋಡೆ? ಒಳಗೆ?”

“ಇಡೀ.”

“ಮುಂದೆ ಬೇರೆ ಗೋಡೆ ಕಟ್ಟುವಾಗ ಇದನ್ನು ಕೆಡವದೆ ಹಾಗೇ ಬಿಟ್ಟಿದ್ರಾ? ಲೋಡ್ ಯಾವುದ್ರ ಮೇಲೆ ಇತ್ತು?” ಅವರ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ನೋಡದ ಒಂದು ಆಸೆ ಕಂಡಿತು. “ಅದನ್ನು ತೋರ್ಸು ನನಗೆ. ಅದನ್ನು ನೋಡ್ಬೇಕು.”

“ಊಟ ಆದ್ಮೇಲೆ. ಅದನ್ನು ಲಾಸ್ಟಿಗೆ ಇಟ್ಟಿದ್ದೇನೆ” ಅಂದಳು ಮಗಳು.

ಆಗಲೇ ಮಳೆ ಹನಿ ಹಾಕಲು ಶುರುವಾಯಿತು. ಎರಡು ದೊಡ್ಡ ಗೋಪುರಗಳ ನಡುವೆ ಬಯಲಿನಲ್ಲಿ ಒಂದು ಹೊಸ ಚಪ್ಪರವಿದೆ. ಗೋಡೆಯೇ ಇಲ್ಲ, ದಪ್ಪ ಕಾಂಕ್ರೀಟ್ ಕಾಲುಗಳ ಮೇಲೆ ಎರಡು ಎತ್ತರದ ಮರದ ಮಾಡು. ಮಾಡಿನ ತುಂಬ ಸಣ್ಣ ಸಣ್ಣ ಕಿಂಡಿಗಳು, ಅವುಗಳಿಂದ ಬೆಳಕು ಉದುರುತ್ತದೆ. ಅಲ್ಲಿಗೆ ಓಡಿದೆವು. ಊರಿನವರಿಗೆ ಇದು ಇಷ್ಟವಿಲ್ಲವಂತೆ, ಕುರಿಯ ಕೊಟ್ಟಿಗೆ ಎಂದು ಬೈಯುತ್ತಾರಂತೆ, ಮಗಳು ಹೇಳಿದಳು. ತನಗೆ ಮಾತ್ರ ಇಡೀ ಊರಿನಲ್ಲಿ ಇದೇ ಇಷ್ಟ ಅಂದಳು. ಗಂಡ ಮೇಲೆ ನೋಡಿ, “ಕೊಟ್ಟಿಗೆ ಹೌದು. ಆದ್ರೆ ಕೆಲಸ ಕ್ಲೀನ್ ಉಂಟು” ಅಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕಾಂಕ್ರೀಟ್ ಕಾಲಿನ ಬುಡದಲ್ಲಿ ಕೂತು ಅತ್ತಿಗೆ ಡಬ್ಬ ಬಿಚ್ಚಿದರು. ಹೋಟೆಲಿಗೆ ದುಡ್ಡು ಸುರಿಯುವುದು ಯಾಕೆ ಎಂದು ದುಬೈಯಿಂದಲೇ ಚಪಾತಿ ತಂದಿದ್ದರು, ಅದರೊಟ್ಟಿಗೆ ಮಿಡಿ ಉಪ್ಪಿನಕಾಯಿ. ಎಲ್ಲರಿಗೂ ಕೈಗೆ ಕೈಗೆ ಕೊಟ್ಟರು. ಮಗಳಿಗೆ ಕೊಡುವಾಗ ತಲೆ ಸವರಿದರು. ಅವರಿಗೂ ಕರುಳು ಇಲ್ಲವೆಂದಲ್ಲ. ಆದರೆ ಆ ಕರುಳಿನಿಂದ ಹೊರಟ ಮಾತು ಇದು:

“ಒಳ್ಳೇದಾಯ್ತು ಮಗ, ಒಂದ್ಸಲ ಎಲ್ಲ ನೋಡಿ ಆಯ್ತಲ್ಲ. ಇನ್ನು ಮಂಡೆ ಬಿಸಿ ಇಲ್ದೆ ಇಂಜಿನಿಯರಿಂಗ್ ಓದ್ಬಹುದು. ಸೀಟು ಹೇಗೂ ಕನ್ಫರ್ಮ್ ಉಂಟು. ನಿನ್ನ ಮಾವ ಹೋದ ತಿಂಗಳೇ ಊರಿಗೆ ಫೋನ್ ಮಾಡಿ ಎಲ್ಲ ಸಮ ಮಾಡಿದ್ದಾರೆ.”

ಮಾವ ಎಂದರೆ ಅತ್ತಿಗೆಯ ಗಂಡ. ಅಬುಧಾಬಿಯಲ್ಲಿ ಕೂತು ಊರಿನ ಕಾಲೇಜುಗಳಿಗೆಲ್ಲ ಫೋನ್ ಮಾಡಬಲ್ಲ ಮನುಷ್ಯ.

ಮಗಳು ಚಪಾತಿ ಹಿಡಿದುಕೊಂಡು ಅಪ್ಪನ ಕಡೆ ನೋಡಿದಳು. ಗಂಡ ಅಗಿಯುವುದನ್ನು ನಿಲ್ಲಿಸಿದರು.

“ಹೋದ ತಿಂಗಳಾ?” ಎಂದೆ ನಾನು. “ಯಾರಿಗೆ ಸೀಟು? ಯಾರನ್ನು ಕೇಳಿ?”

“ಸೇಫ್ಟಿಗೆ ಅಂತ ಮಾಡಿದ್ದು” ಅಂದರು ಗಂಡ.

“ಮತ್ತೆ ಅವಳ ಆರ್ಕಿಟೆಕ್ಚರ್ ಸೀಟು?”

ಅವರು ನೀರಿನ ಬಾಟಲಿಗೆ ಕೈ ಚಾಚಿದರು. ಉತ್ತರ ಅತ್ತಿಗೆಯೇ ಕೊಟ್ಟರು. “ಎರಡೆರಡು ಇಟ್ಕೊಳ್ಲಿಕ್ಕೆ ಆಗ್ತದಾ? ಅದು ಬೇಡ ಅಂತ ಹೇಳಿ ಆಯ್ತು. ನಿನಗೆ ಹೇಳ್ಲಿಲ್ವಾ ಇವ?”

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ನಿಂತೆ. ಚಪ್ಪರದ ಆಚೆ ತುದಿಯಲ್ಲಿ ನಿಂತಿದ್ದ ನಾಲ್ಕಾರು ಪ್ರವಾಸಿಗರು ತಿರುಗಿ ನೋಡುವಷ್ಟು ಜೋರಾಗಿ ನನ್ನ ಬಾಯಿ ಬಂತು. “ಮದುವೆ ಮುಗಿಸಿ ಹೆಣ್ಣು ನೋಡ್ಲಿಕ್ಕೆ ಬಂದಿರಾ ನೀವು? ನಾಚಿಕೆ ಆಗುವುದಿಲ್ವಾ? ಆ ಹುಡುಗಿ ಬೆಳಿಗ್ಗೆಯಿಂದ ಬಾಯಿ ಒಣಗಿಸಿಕೊಂಡು ಕಲ್ಲು ಕಲ್ಲು ತೋರಿಸ್ತಾ ಇದ್ದಾಳೆ. ನೀವು ತಟ್ಟಿ ನೋಡ್ತೀರಿ, ಅಡ್ಡ ಪ್ರಶ್ನೆ ಕೇಳ್ತೀರಿ! ನಾಟಕದವರೂ ಇಷ್ಟು ಚಂದ ಮಾಡುವುದಿಲ್ಲ.”

“ಮೆಲ್ಲ ಮಾತಾಡು. ನಾಟಕ ಅಲ್ಲ ಅದು” ಅಂದರು ಗಂಡ. ಅವರ ಮುಖ ಕೆಂಪಾಗಿತ್ತು. “ನಿನಗೆ ಗೊತ್ತುಂಟಾ, ಆ ವರ್ಷ ದುಡ್ಡಿಲ್ಲದೆ ದುಬೈ ಮುಗ್ಗರಿಸಿದಾಗ ಮೊದಲು ಹೊರಗೆ ಹೋದವ್ರು ಯಾರು? ಡ್ರಾಯಿಂಗಿನವ್ರು. ಇಡೀ ಫ್ಲೋರ್ ಒಂದೇ ಮಧ್ಯಾಹ್ನ ಖಾಲಿ ಮಾಡ್ಸಿದ್ರು. ಅವರ ಕಂಪ್ಯೂಟರ್ ಕೆಳಗೆ ಇಳಿಸ್ಲಿಕ್ಕೆ ಲೇಬರ್ ಕಳಿಸಿದ್ದು ನಾನು. ನನಗಿಂತ ದೊಡ್ಡ ದೊಡ್ಡ ಜನ ಲಿಫ್ಟಿನ ಹತ್ರ ನಿಂತು ಅಳ್ತಿದ್ರು. ಸೈಟಿನವ್ರು ಉಳಿದ್ರು, ಯಾಕಂದ್ರೆ ಅರ್ಧ ಕಟ್ಟಿದ್ದನ್ನು ಮುಗಿಸ್ಲೇಬೇಕು. ನನ್ನ ಮಗಳು ಹಾಗೆ ಲಿಫ್ಟಿನ ಹತ್ರ ನಿಲ್ಲುವುದು ನನಗೆ ಬೇಡ.”

“ಭಯ ಇದ್ರೆ ಭಯ ಅಂತ ಹೇಳ್ಬೇಕಿತ್ತು. ಒಂದು ದಿನ ಕೊಡ್ತೇನೆ ಅಂತ ಪ್ರಾಮಿಸ್ ಯಾಕೆ?”

ಅವರು ನೀರು ಕುಡಿದು, ಬಾಟಲಿಯ ಮುಚ್ಚಳ ಹಾಕಿ, ಬಹಳ ನ್ಯಾಯವಾದ ಮಾತೆಂಬಂತೆ ಹೇಳಿದರು: “ಅವಳ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ.”

ಇದಕ್ಕಿಂತ ಅವರು ಒಂದು ಕೆನ್ನೆಗೆ ಹೊಡೆದಿದ್ದರೆ ಒಳ್ಳೆಯದಿತ್ತು. ನಾನು ಬೈದೆ. ಏನೇನು ಬೈದೆನೋ ಈಗ ಬರೆಯುವ ಹಾಗಿಲ್ಲ. ತುಳುವಿನಲ್ಲಿ ಬೈದದ್ದಂತೂ ಯಾವ ಅಕ್ಷರಕ್ಕೂ ಹಿಡಿಯುವುದಿಲ್ಲ. ಅತ್ತಿಗೆ ಡಬ್ಬ ಮುಚ್ಚುತ್ತ, “ನಾನು ಒಳ್ಳೇದಕ್ಕೆ ಹೇಳಿದ್ದು” ಎಂದು ಅಳಲು ಶುರು ಮಾಡಿದರು. ಅಳಿ, ಇನ್ನೂ ಸ್ವಲ್ಪ ಅಳಿ ಎಂದೆ.

ಮಗಳು ಮಾತ್ರ ಅಳಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಚಪಾತಿಯನ್ನು ಪೂರ್ತಿ ತಿಂದಳು. ಟಿಶ್ಯೂನಲ್ಲಿ ಕೈ ಒರೆಸಿದಳು. ಆಮೇಲೆ ಫೋನು ಬ್ಯಾಗಿನೊಳಗೆ ಹಾಕಿ, “ರಿಟರ್ನ್ ಟ್ರೈನ್ ಎಷ್ಟು ಗಂಟೆಗೆ?” ಎಂದು ಕೇಳಿದಳು.

ಮುಂದೆ ಏನಾಯಿತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಯಾರೂ ಕಾಯುವುದು ಬೇಡ. ಅವಳು ಇಂಜಿನಿಯರಿಂಗ್ ಸೇರಿದಳು. ಕಳೆದುಹೋದ ಸೀಟನ್ನು ಮರಳಿ ಪಡೆಯಲು ನಾನು ಬ್ರಸೆಲ್ಸಿನಿಂದಲೇ ಕಾಲೇಜಿಗೆ ಫೋನ್ ಹಚ್ಚಿದೆ. ಅದು ಆಗಲೇ ಇನ್ನೊಬ್ಬರ ಕೈ ಸೇರಿತ್ತು. ಅವಳು ಒಳ್ಳೆಯ ಅಂಕದಲ್ಲಿ ಪಾಸಾದಳು, ಕೆಲಸವೂ ಸಿಕ್ಕಿತು. ಗಂಡ ಇವತ್ತಿಗೂ ಬಂದವರೆದುರು, “ನಾನು ಅವತ್ತು ಗಟ್ಟಿ ನಿಂತದ್ದಕ್ಕೆ” ಎಂದು ಹೇಳಿಕೊಳ್ಳುತ್ತಾರೆ. ಅತ್ತಿಗೆಯ ಮನೆಯಲ್ಲಿ ನಾನು ಒಂದು ವರ್ಷ ನೀರು ಸಹ ಮುಟ್ಟಲಿಲ್ಲ. ಅದರಿಂದ ಅವರಿಗೆ ಏನೂ ನಷ್ಟವಾಗಲಿಲ್ಲ, ಗೊತ್ತು. ಅಬುಧಾಬಿಗೆ ಹೋಗುವ ದಿನ ಕಾರಿನಲ್ಲೇ ಡಬ್ಬ ಬಿಚ್ಚಿ ತಿಂದು ಹೋಗುತ್ತಿದ್ದೆ. ಲೋಕದ ಕಣ್ಣಿಗೆ ಎಲ್ಲವೂ ಸರಿಯಾಯಿತು. ಹುಡುಗಿ ಹಾಳಾಗಲಿಲ್ಲ, ಅನ್ನಕ್ಕೆ ದಾರಿಯಾಯಿತು, ಮತ್ತೇನು ಬೇಕು ಎಂದು ನನ್ನ ತಾಯಿಯೇ ಕೇಳಿದ್ದರು. ಏನು ಬೇಕಿತ್ತು ಎಂದು ನನಗೂ ಆಗ ಬಾಯಿಬಿಟ್ಟು ಹೇಳಲಾಗಲಿಲ್ಲ.

ಆ ಮಧ್ಯಾಹ್ನ ಮಳೆ ಸಣ್ಣದಾದ ಮೇಲೆ ಟ್ರಾಮ್ ಸ್ಟಾಪಿನ ಕಡೆ ಹೊರಟೆವು. ಮಗಳು ಎಲ್ಲರಿಗಿಂತ ಮುಂದೆ, ಜಾಕೆಟಿನ ಜೇಬಿನಲ್ಲಿ ಕೈ. ಅವಳ ಹಿಂದೆ ನಾನು. ನನ್ನ ಹಿಂದೆ ಗಂಡ. ಕೊನೆಗೆ ಮೂಗು ಒರೆಸುತ್ತ ಅತ್ತಿಗೆ. “ನಾವಿಬ್ಬರೇ ಆ ಮನೆ ನೋಡಿ ಬರುವ, ಬಾ” ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. “ಬೇಡಮ್ಮ. ನೋ ನೀಡ್” ಅಂದಳು.

ದಾರಿ ದೊಡ್ಡ ಚರ್ಚಿನ ಬದಿಯಿಂದ ಹೋಗುತ್ತದೆ. ಚರ್ಚಿನ ಎದುರಿಗೇ ಆ ಮನೆ ಇತ್ತು. ಮೆಟ್ಟಿಲಿನ ತುದಿ, ಸವೆದ ಬಿಳಿ ಕಲ್ಲು, ಬದಿಯಲ್ಲಿ ಹೊಸ ಗಾಜು ಮತ್ತು ಕಬ್ಬಿಣ. ಒಂದೊಂದು ಮೆಟ್ಟಿಲಿನ ಮೇಲೂ ಕುಣಿಯುವ ಪುಟ್ಟ ಲೋಹದ ಬೊಂಬೆಗಳು, ಗಾಳಿ ಬಂದಾಗಲೆಲ್ಲ ತಿರುಗುತ್ತವೆ. ಊಟದ ಮೇಜಿನ ಮೇಲೆ, ಅವಳ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ನೋಡಿದ್ದೆ ಆ ಬೊಂಬೆಗಳನ್ನು. ಮಗಳು ತಲೆ ಎತ್ತದೆ ಅದರ ಮುಂದಿನಿಂದ ನಡೆದಳು.

ಹಿಂದೆ ಗಂಡನ ಹೆಜ್ಜೆ ನಿಂತಿತು. ತಿರುಗಿ ನೋಡಿದರೆ ಹನಿ ಮಳೆಯಲ್ಲಿ ನಿಂತು ಕತ್ತು ಎತ್ತಿ ನೋಡುತ್ತಿದ್ದಾರೆ. ಗೋಡೆಯ ಬುಡಕ್ಕೆ ಹೋದರು, ಹಿಂದೆ ಬಂದರು, ಮತ್ತೆ ಮೇಲೆ ನೋಡಿದರು.

“ಮಗ, ನಿಲ್ಲು. ಇದಾ ಅದು? ಗೋಡೆಯ ಹಿಂದೆ ಸಿಕ್ಕಿದ್ದು?”

ಅವರು ಕೇಳಿದ್ದರಲ್ಲಿ ನಾಟಕವಿರಲಿಲ್ಲ. ಅವರಿಗೆ ನಿಜವಾಗಿಯೂ ಬೇಕಿತ್ತು. ಮಗಳು ನಿಂತಳು. ಕಟ್ಟಡವನ್ನು ಒಮ್ಮೆ ನೋಡಿದಳು, ಅಪ್ಪನನ್ನು ಒಮ್ಮೆ ನೋಡಿದಳು.

“ಗೊತ್ತಿಲ್ಲ ಪಪ್ಪ” ಅಂದಳು. ತಿರುಗಿ ನಡೆದಳು.

ಗಂಡ ನನ್ನ ಕಡೆ ನೋಡಿದರು. “ನಿನಗೆ ಗೊತ್ತುಂಟಾ?”

“ನನಗೆಂತ ಗೊತ್ತು?” ಎಂದೆ. ನನಗೆ ಗೊತ್ತಿತ್ತು. ಇವತ್ತಿನವರೆಗೂ ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ.